ತಂಗಿಯ ಫೋನಿನ ಮೈಕು

ನಮ್ಮದು ಶ್ರೀರಾಂಪುರದಲ್ಲಿ ಹಿಟ್ಟಿನ ಮಿಲ್ಲು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಅಲ್ಲಿ ನಿಂತವನು ನಾನು, ಇವತ್ತಿಗೂ ಅಲ್ಲೇ ನಿಂತಿದ್ದೇನೆ. ಫೋನಿನ ರಿಪೇರಿ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಮಿಲ್ಲಿನಲ್ಲಿ ಇಟ್ಟ ಫೋನಿನ ಚಾರ್ಜಿಂಗ್ ತೂತಿನಲ್ಲಿ ಹಿಟ್ಟು ಕೂರುತ್ತದೆ, ಚಾರ್ಜು ಏರುವುದಿಲ್ಲ, ಆಗ ಪಿನ್ನಿನಿಂದ ಕೆರೆದು ಜೋರಾಗಿ ಊದಬೇಕು. ನನ್ನ ಫೋನನ್ನು ಹಾಗೆಯೇ ವರ್ಷಗಟ್ಟಲೆ ಓಡಿಸಿದ್ದೆ. ಅದರಿಂದ ನನಗೊಂದು ಜಂಬವೂ ಬಂದಿತ್ತು.

ತಂಗಿ ಗಂಡನ ಮನೆ ಬಿಟ್ಟು ಬಂದಾಗ ಅವಳ ಜೊತೆ ಬಂದದ್ದು ಒಂದು ಹೊಲಿಗೆ ಮಿಷನ್ನು, ಒಂದು ಫೋನು. ಮಿಲ್ಲಿಗೆ ಬಂದು ಕೂತುಕೋ, ತೂಕ ನೋಡಿಕೋ ಅಂದೆ. "ನಿನ್ನ ಮಿಲ್ಲು ನಿನಗಿರಲಿ ಅಣ್ಣ, ನನ್ನ ಪಾಡಿಗೆ ನಾನು ಹೊಲ್ಕೋತೀನಿ" ಅಂದಳು. ಮಲ್ಲೇಶ್ವರದ ಮನೆಗಳ ರವಿಕೆ ಹೊಲಿಯಲು ಶುರು ಮಾಡಿದಳು. ಅಲ್ಲಿನ ಹೆಂಗಸರು ಫೋನ್ ಮಾಡುತ್ತಾರೆ, ಇವಳು ಹೋಗಿ ಬಟ್ಟೆಯನ್ನೂ ಅಳತೆಯ ರವಿಕೆಯನ್ನೂ ತರುತ್ತಾಳೆ, ಹೊಲಿದು ಮುಟ್ಟಿಸುತ್ತಾಳೆ. ಅಂಗಡಿ ಇಲ್ಲ, ಬೋರ್ಡಿಲ್ಲ. ಆ ಫೋನೇ ಅವಳ ಅಂಗಡಿ. ದಸರಾ ಮುಗಿದು ದೀಪಾವಳಿ ಬರುವವರೆಗೆ ಅದು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅವಳು ಅದನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಮಾತಾಡುತ್ತಲೇ ಹೊಲಿಯುತ್ತಿದ್ದಳು.

ಹೋದ ವರ್ಷ ಆಯುಧಪೂಜೆಯ ದಿನ ಮಿಲ್ಲನ್ನೆಲ್ಲ ತೊಳೆದು ಮೋಟಾರಿಗೆ, ತಕ್ಕಡಿಗೆ, ಸ್ಕೂಟರಿಗೆ ಹೂ ಹಾಕಿದೆ. ತಂಗಿಯ ಮಿಷನ್ನನ್ನೂ ತಂದಿಟ್ಟೆ. ಅವಳ ಫೋನನ್ನೂ ಕೈಯಿಂದ ಇಸಿದುಕೊಂಡೆ.

"ಫೋನಿಗೆ ಕುಂಕುಮ ಹಚ್ಬೇಡ ಅಣ್ಣ. ಮಿಷನ್ನಿಗೆ ಹಚ್ಚಿದೀಯಲ್ಲ, ಸಾಕು."

"ದುಡಿಯೋ ಸಾಮಾನಿಗೆ ಪೂಜೆ ಬೇಡ ಅಂತಾರೇನೇ? ದೊಡ್ಡ ಓದಿದೋಳ ಥರ ಆಡ್ತೀಯಲ್ಲ!"

ಪೂಜೆಗೆ ಬಂದಿದ್ದವರು ನಕ್ಕರು. ನಾನು ಫೋನನ್ನು ತಕ್ಕಡಿಗೆ ಒರಗಿಸಿ ನಿಲ್ಲಿಸಿ, ಗಂಧ ಕುಂಕುಮ ಧಾರಾಳವಾಗಿ ಹಚ್ಚಿ, ತೀರ್ಥ ಚಿಮುಕಿಸಿದೆ. ಕೆಂಪು ನೀರು ಗಾಜಿನ ಮೇಲಿಂದ ಇಳಿದು ಫೋನಿನ ಬುಡದಲ್ಲಿ ನಿಂತಿತು. ಮಂಗಳಾರತಿ ಮುಗಿಯುವವರೆಗೂ ಅದು ಹಾಗೇ ನಿಂತಿತ್ತು.

ಮಾರನೆಯ ದಿನ ಅವಳು ಫೋನ್ ಹಿಡಿದು ಕೂಗುವುದು ಕೇಳಿಸಿತು. "ಹಲೋ! ಆಂಟಿ, ನಾನೇ! ಕೇಳಿಸ್ತಿದೆಯಾ? ನಿಮ್ಮ ಮಾತು ನನಗೆ ಕೇಳಿಸ್ತಿದೆ ಆಂಟಿ!" ಆ ಕಡೆಯವರು ಬೈದುಕೊಂಡು ಇಟ್ಟರು. ಇನ್ನೊಬ್ಬರು ಮಾಡಿದರು, ಅದೇ ಕಥೆ. ಫೋನನ್ನು ಕೈಗೆ ತೆಗೆದುಕೊಂಡು ನೋಡಿದರೆ ಬುಡದ ತೂತುಗಳಲ್ಲೆಲ್ಲ ಕುಂಕುಮ ಒಣಗಿ ಗಟ್ಟಿಯಾಗಿತ್ತು. "ಇಷ್ಟೇ ತಾನೆ" ಅಂದೆ. ಪಿನ್ನು ತಗೊಂಡೆ. ಚಾರ್ಜಿಂಗ್ ತೂತು ಬಿಡಿಸಿ, ಅದರ ಪಕ್ಕದ ಸೂಜಿಮೊನೆಯಷ್ಟು ಸಣ್ಣ ತೂತಿಗೂ ಚುಚ್ಚಿದೆ. ಒಳಗೆ ಏನೋ ಮೆತ್ತಗೆ ಸಿಕ್ಕಿತು. ಕುಂಕುಮ ಅಂದುಕೊಂಡು ಇನ್ನೂ ಒತ್ತಿದೆ.

ಆಮೇಲೆ ಅವಳ ಮಾತು ಯಾರಿಗೂ ಕೇಳಿಸಲೇ ಇಲ್ಲ. ಬರೆದು ಕಳಿಸೋಣವೆಂದರೆ ಅವಳಿಗೂ ಓದು ಅಷ್ಟಕ್ಕಷ್ಟೇ, ಅವಳಿಗೆ ಬಟ್ಟೆ ಕೊಡುವ ವಯಸ್ಸಾದ ಹೆಂಗಸರು ಕನ್ನಡಕ ಹುಡುಕಿಕೊಂಡು ಮೆಸೇಜು ನೋಡುವವರೂ ಅಲ್ಲ.

ಫೋನನ್ನು ಮೊದಲು ಮಲ್ಲೇಶ್ವರದಲ್ಲಿದ್ದ ಕಂಪನಿ ಸರ್ವಿಸ್ ಸೆಂಟರಿಗೆ ಒಯ್ದೆ. ಟೋಕನ್ ಕೊಟ್ಟು ಕೂರಿಸಿದರು. ನನ್ನ ಅಂಗಿಯ ಹಿಟ್ಟು ಅವರ ಕುರ್ಚಿಗೆ ಹತ್ತಿತು. ಫೋನನ್ನು ಅಲ್ಲೇ ಬಿಟ್ಟು ಹೋಗಬೇಕು, ಒಳಗಿರುವುದೆಲ್ಲ ಅಳಿಸಿಹೋಗಬಹುದು, ಒಪ್ಪಿಗೆಗೆ ಸಹಿ ಹಾಕಿ ಅಂದರು. ಅಳತೆಗಳ ಫೋಟೋ, ಗಿರಾಕಿಗಳ ನಂಬರು ಎಲ್ಲ ಅದರಲ್ಲೇ ಇತ್ತು. ಎದ್ದು ಬಂದು ಬಳೇಪೇಟೆಯ ಸಂದಿಯಲ್ಲಿ ಪರಿಚಯದವರು ಹೇಳಿದ್ದ ಒಂದು ಸಣ್ಣ ಅಂಗಡಿ ಹುಡುಕಿಕೊಂಡು ಹೋದೆ.

ಅಂಗಡಿಯವನು ಫೋನ್ ತಿರುಗಿಸಿ ನೋಡಿ ನಕ್ಕ. "ಏನ್ ಗುರು, ಫೋನಿಗೆ ಓಕುಳಿ ಆಡ್ಸಿದೀರಾ?"

"ಆಯುಧಪೂಜೆ."

"ಈ ವಾರವೆಲ್ಲ ನನಗೆ ಬರೋದು ಕುಂಕುಮದ ಕೇಸೇ. ದೇವ್ರು ನಮ್ಮ ಹೊಟ್ಟೆನೂ ನೋಡ್ಬೇಕಲ್ಲ." ಆಮೇಲೆ ಬಿಚ್ಚಿ ನೋಡಿ ಹುಬ್ಬು ಗಂಟಿಕ್ಕಿದ. "ಕುಂಕುಮ ಆಗಿದ್ರೆ ಒರೆಸಿ ಕೊಡ್ತಿದ್ದೆ. ಮೈಕೇ ಹರಿದುಹೋಗಿದೆ. ಪಿನ್ ಚುಚ್ಚಿದ್ಯಾರು?"

"ಮನೇಲಿ... ತಂಗಿ" ಅಂದೆ.

ಯಾಕೆ ಹಾಗಂದೆನೋ! ಅವನು ನನಗೆ ಯಾರೂ ಅಲ್ಲ, ಮತ್ತೆ ಅವನ ಮುಖ ನೋಡುವ ಅಗತ್ಯವೂ ಇರಲಿಲ್ಲ. ಆದರೂ ಬಾಯಿಗೆ ಮೊದಲು ಬಂದದ್ದು ಅವಳ ಹೆಸರು.

"ಹೆಂಗಸ್ರಿಗೆ ಹೇಳಿ, ಸಣ್ಣ ತೂತು ಮುಟ್ಬಾರ್ದು ಅಂತ. ಮೈಕ್ ಕೂತಿರೋ ಕೆಳಗಿನ ಬೋರ್ಡು ಚೇಂಜ್ ಮಾಡಿದ್ರೆ ಆಯ್ತು, ಏನೂ ಅಳಿಸಲ್ಲ. ಸಾಯಂಕಾಲ ಬೋರ್ಡ್ ತರಿಸ್ತೀನಿ, ಅರ್ಧ ಗಂಟೆ ಕೆಲಸ. ಅಲ್ಲಿವರೆಗೂ ಮೈಕ್ ಇರೋ ಇಯರ್‌ಫೋನ್ ಹಾಕ್ಕೊಂಡು ಮಾತಾಡ್ಲಿ, ಕೇಳಿಸುತ್ತೆ."

ಸಾಯಂಕಾಲ ಬರುತ್ತೇನೆ ಎಂದು ಫೋನ್ ಇಸಿದುಕೊಂಡು ಹೊರಟೆ.

ಇಲ್ಲಿಂದ ಮುಂದಿನದು ಕೈತಪ್ಪಿ ಆದದ್ದಲ್ಲ. ಮಿಲ್ಲಿಗೆ ಬಂದರೆ ಬಾಗಿಲಲ್ಲಿ ಡಬ್ಬಿ ಹಿಡಿದವರ ಸಾಲು. ಚಕ್ಕುಲಿ ಹಿಟ್ಟಿನ ಕಾಲ. ತೂಕಕ್ಕೆ ಇದ್ದವನು ದಸರಾಕ್ಕೆ ಮುಂಚೆಯೇ ಬಿಟ್ಟು ಹೋಗಿದ್ದ. ಬೇರೆ ದಾರಿ ಕಾಣದೆ ತಂಗಿ ಬಂದು ತಕ್ಕಡಿ ಮುಂದೆ ಕೂತಿದ್ದಳು. ಚುರುಕಾಗಿ ತೂಗುತ್ತಿದ್ದಳು, ಯಾರ ಡಬ್ಬಿ ಯಾವುದೆಂದು ಒಮ್ಮೆಯೂ ಮರೆಯುತ್ತಿರಲಿಲ್ಲ. ನನ್ನನ್ನು ನೋಡಿದ ಕೂಡಲೆ ಎದ್ದಳು. "ಸರಿಹೋಯ್ತಾ ಅಣ್ಣ?"

"ಒಳಗಿನ ಬೋರ್ಡೇ ಹೋಗಿದೆಯಂತೆ. ಹೊಲಿಗೆ ಮಿಷನ್ನಿನ ಎಣ್ಣೆ ಕೈಯಲ್ಲಿ ಹಿಡಿದು ಹಿಡಿದು ಹಾಳಾಗಿದೆ ಅಂದ. ಅಂಗಡೀಲೇ ಬಿಟ್ಟು ಬಂದಿದೀನಿ. ದೀಪಾವಳಿ ಆದ್ಮೇಲೇ ಅಂತೆ."

ಅವಳು ತನ್ನ ಅಂಗೈ ನೋಡಿಕೊಂಡಳು. "ನನ್ನದೇ ತಪ್ಪು ಹಾಗಾದ್ರೆ. ಒರೆಸ್ಕೊಂಡು ಮುಟ್ಬೇಕಿತ್ತು" ಅಂದಳು. ಫೋನು ನನ್ನ ಜೇಬಿನಲ್ಲಿತ್ತು. ಅದನ್ನು ಆಫ್ ಮಾಡಿ ಗಲ್ಲಾಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಇದೊಂದು ಹಬ್ಬ ಕಳೆಯಲಿ ಅಂದುಕೊಂಡೆ, ಅಷ್ಟೆ. ಇಯರ್‌ಫೋನಿನ ಮಾತು ಎತ್ತಲಿಲ್ಲ. ಪ್ರತಿ ಸಂಜೆ ಅವಳು ಕೇಳುತ್ತಿದ್ದಳು, "ಅಂಗಡಿ ಕಡೆ ಹೋಗಿದ್ಯಾ?" ಗಲ್ಲಾಪೆಟ್ಟಿಗೆ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು.

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮಲ್ಲೇಶ್ವರಕ್ಕೆ ನಡೆದೇ ಹೋದಳು. ಬಹಳ ಬೇಗ ವಾಪಸು ಬಂದಳು. ಅವಳ ಹಳೆಯ ಗಿರಾಕಿ ಗೇಟಿನಲ್ಲೇ ನಿಲ್ಲಿಸಿ ಅಂದರಂತೆ: "ಏನಮ್ಮ, ಫೋನ್ ಎತ್ತಿ ಮಾತೇ ಆಡಲ್ಲ, ಆಮೇಲೆ ಸ್ವಿಚ್ ಆಫ್ ಬೇರೆ! ಕೆಲಸ ಜಾಸ್ತಿ ಆಗಿ ಕೊಬ್ಬು ಬಂತಾ ನಿನಗೆ? ಬೇರೆಯವಳಿಗೆ ಕೊಟ್ಟಾಯ್ತು. ಪಕ್ಕದ ಮನೆಯವರೂ ಅವಳಿಗೇ ಕೊಟ್ರು." ಹೇಳಿ ಮುಗಿಸಿ ತಂಗಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೆನ್ನೆಯ ಹಿಟ್ಟು ಒದ್ದೆಯಾಗಿ ಅಂಟಿಕೊಂಡಿತು. ನಾನು, "ಹೋಗಲಿ ಬಿಡೇ, ಇಲ್ಲೇನು ಕಮ್ಮಿಯಾಗಿದೆ ನಿನಗೆ?" ಅಂದೆ. ಆಗಲೂ ಬೀಗ ತೆಗೆಯಲಿಲ್ಲ.

ಹಬ್ಬ ಮುಗಿದ ಮೇಲೆ ಬಳೇಪೇಟೆಗೆ ಹೋದೆ. ಹೇಳಿದ ಹಾಗೇ ಅರ್ಧ ಗಂಟೆಯಲ್ಲಿ ಬೋರ್ಡು ಹಾಕಿಕೊಟ್ಟ. ತಂಗಿ ಫೋನ್ ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡಿದಳು. ಈಗ ಅವಳ ಮಾತು ಎಲ್ಲರಿಗೂ ಕೇಳಿಸಿತು. ಎಲ್ಲರೂ ಚೆನ್ನಾಗಿಯೇ ಮಾತಾಡಿದರು, ಮುಂದೆ ನೋಡೋಣಮ್ಮ ಅಂದರು. ಕೆಲವು ದಿನ ಮಿಷನ್ನಿನ ಮುಂದೆ ಕೂತು ಕಾದಳು. ನಾನು ಕರೆಯಲಿಲ್ಲ. ಅವಳೇ ಎದ್ದು ಮಿಲ್ಲಿಗೆ ಬಂದಳು. ನಾನು ಬಯಸಿದ್ದೂ ಅದನ್ನೇ. ಆದರೆ ಅವಳು ಬಂದು ಕೂತಾಗ ನನಗೆ ಅವಳ ಕಡೆ ನೋಡಲಾಗಲಿಲ್ಲ.

ಈ ವರ್ಷದ ಆಯುಧಪೂಜೆಗೆ ಮೋಟಾರು, ತಕ್ಕಡಿ, ಸ್ಕೂಟರು ಎಲ್ಲಕ್ಕೂ ಕುಂಕುಮ ಹಚ್ಚಿ ತಟ್ಟೆ ಹಿಡಿದು ಅವಳ ಮುಂದೆ ನಿಂತೆ. ಮಿಷನ್ನನ್ನು ಅವಳು ತಂದಿರಲಿಲ್ಲ. ಫೋನನ್ನು ಮಾತ್ರ ತಾನಾಗಿಯೇ ನೀಡಿದಳು.

"ಬೇಡ ಕಣೇ" ಅಂದೆ.

"ಯಾಕೆ? ಹಚ್ಚು ಅಣ್ಣ. ಈಗ ಹಾಳಾಗೋಕೆ ಇನ್ನೇನಿದೆ?"

ಅವಳಿಗೆ ಗೊತ್ತಾಗಿದೆಯೋ ಇಲ್ಲವೋ, ಮುಖ ನೋಡಿ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಒಣ ಕುಂಕುಮವನ್ನು ಫೋನಿನ ಬೆನ್ನಿಗೆ ಚುಕ್ಕೆಯಷ್ಟು ಮುಟ್ಟಿಸಿ ಅವಳ ಕೈಗಿಟ್ಟೆ. ಅಷ್ಟರಲ್ಲಿ ಅದು ಹೊಡೆದುಕೊಂಡಿತು. ಅವಳು ತಟಕ್ಕನೆ ಕಿವಿಗೆ ಹಿಡಿದಳು. ಒಂದು ಕ್ಷಣ ಅವಳ ಬೆನ್ನು ನೆಟ್ಟಗಾಯಿತು, ಭುಜ ಮೇಲಕ್ಕೆದ್ದಿತು, ಹಿಂದೆ ಹೊಲಿಯುತ್ತ ಮಾತಾಡುತ್ತಿದ್ದಾಗಿನ ಹಾಗೆ. ಆಮೇಲೆ ಭುಜ ಇಳಿಯಿತು.

"ಇಲ್ಲ ಆಂಟಿ, ಇವತ್ತು ಪೂಜೆ, ಮಿಲ್ಲು ಓಡಲ್ಲ. ನಾಡಿದ್ದು ಅಕ್ಕಿ ತಂದುಕೊಡಿ, ನುಣ್ಣಗೆ ಬೀಸಿಡ್ತೀನಿ" ಅಂದಳು.

ಆ ಕಡೆಯವರಿಗೆ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸಿರಬೇಕು. ಅವರು ಮತ್ತೆ ಏನನ್ನೂ ಕೇಳಲಿಲ್ಲ.