ಸೂಜಿ ಹಾಕಬಾರದ ಬಟ್ಟೆ

ಹೋದ ಮಂಗಳವಾರ ಬೆಳಿಗ್ಗೆ ಪೂಜೆ ಮುಗಿಸಿ ಆರತಿ ತಟ್ಟೆ ಕೆಳಗಿಡುವಷ್ಟರಲ್ಲಿ ಕಿಟಕಿಯಿಂದ ಆ ವಾಸನೆ ಬಂತು. ಸುಟ್ಟ ಪೆಟ್ರೋಲು, ಎಣ್ಣೆ, ಅದರ ಜೊತೆಗೆ ಹಸಿ ಬೇವಿನ ಮರದ ಹೊಟ್ಟು. ಕರ್ಪೂರದ ವಾಸನೆಯನ್ನೂ ನುಂಗಿಬಿಟ್ಟಿತು. ಕೆಳಗೆ ರಸ್ತೆಯಲ್ಲಿ ನಾಲ್ಕು ಜನ ತಂತಿಗೆ ತಾಗುವ ಕೊಂಬೆ ಕಡಿಯುತ್ತಿದ್ದರು. ಅಂಥ ಹೊತ್ತಿನಲ್ಲಿ ಎಲ್ಲರೂ ತಲೆಯೆತ್ತಿ ಮರ ನೋಡುತ್ತಾರೆ. ನಾನು ಕಡಿಯುವವರ ಕಾಲು ನೋಡುತ್ತೇನೆ. ಗರಗಸದ ಮಷೀನು ಹಿಡಿದವನ ಕಾಲಿಗೆ ಜೀನ್ಸ್ ಪ್ಯಾಂಟಿತ್ತು, ಅದೂ ಮೊಣಕಾಲಲ್ಲಿ ಫ್ಯಾಷನ್ನಿಗೆ ಹರಿದದ್ದು. ಇಂಥ ಪ್ಯಾಂಟಿನಲ್ಲಿ ಮಷೀನು ಹಿಡಿಯಬೇಡ ಎಂದು ಕೂಗಿ ಹೇಳಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಕಿಟಕಿ ಹಾಕಿಕೊಂಡೆ. ಹಾಕಿದರೂ ಅವನು ನೆನಪಾದ...

ಅವನೆಂದರೆ ನಮ್ಮ ಮುಕಾದಮ. ಏಳೆಂಟು ಆಳು ಕೂಡಿಸಿಕೊಂಡು ಅಪಾರ್ಟ್‌ಮೆಂಟುಗಳಲ್ಲಿ, ಕಾರ್ಖಾನೆಗಳಲ್ಲಿ ಮರ ಕಡಿಯುವ ಕೆಲಸ ಹಿಡಿಯುತ್ತಿದ್ದ. ಬೀದರ ಕಡೆಯ ನಮ್ಮೂರಿನ ಪಕ್ಕದ ಊರಿನವನು. ಮದುವೆಯಾದ ಹೊಸದರಲ್ಲಿ ನಾವು ಹೈದರಾಬಾದಿಗೆ ಬಂದಾಗ ಜೀಡಿಮೆಟ್ಲಾದಲ್ಲಿ ಕೋಣೆ ಹುಡುಕಿಕೊಟ್ಟವನು ಅವನೇ, ನಮ್ಮ ಯಜಮಾನರಿಗೆ ಚೈನ್ ಗರಗಸ ಹಿಡಿಯಲು ಕಲಿಸಿದವನೂ ಅವನೇ. ನನಗೆ ಅಣ್ಣತಮ್ಮಂದಿರಿಲ್ಲ. ಪಂಚಮಿಗೆ ಕರೆಯಲು ತವರಿನಿಂದ ಯಾರೂ ಬರುವುದಿಲ್ಲವೆಂದು ಗೊತ್ತಾದ ವರ್ಷದಿಂದ ಅವನು ಕುಬಸದ ಖಣ, ಎಳ್ಳುಂಡಿ ತಂದು ಹೊಸ್ತಿಲಲ್ಲಿ ನಿಂತು, "ತಂಗೀ, ತವರುಮನಿ ನಡಕೊಂಡು ಬಂದೈತಿ, ಬಾಗಲಾ ತಗಿ" ಎನ್ನುತ್ತಿದ್ದ. ಆಗ ನಾನು ಅವನಿಗೆ 'ಅವರು' ಎನ್ನುತ್ತಿದ್ದೆ. ಈಗ ಬರೆಯಲು ಕೂತರೆ 'ಅವನು' ಎಂದೇ ಬರುತ್ತದೆ. ದೇವರು ಕ್ಷಮಿಸಲಿ, ಕ್ಷಮಿಸದಿದ್ದರೂ ಚಿಂತೆಯಿಲ್ಲ.

ನನ್ನ ಕೈಯಲ್ಲಿದ್ದ ವಿದ್ಯೆ ಒಂದೇ, ಕೌದಿ ಹೊಲಿಯುವುದು. ನಮ್ಮವ್ವ ಕಲಿಸಿದ್ದು. ಹಳೆ ಸೀರೆಯ ಪದರ ಒಂದರ ಮೇಲೊಂದು ಹಾಸಿ, ಒಳಗಿನದು ಜರುಗದಂತೆ ಒತ್ತೊತ್ತಾಗಿ ಟಾಕಾ ಹಾಕಬೇಕು. ಟಾಕಾ ಎಷ್ಟು ಒತ್ತಾಗಿದ್ದರೆ ಕೌದಿ ಅಷ್ಟು ಗಟ್ಟಿ. ಮುಗಿಸುವಾಗ ಕೊನೆಯ ಮೂಲೆಯಲ್ಲಿ ನಾಲ್ಕು ಜೋಳದ ಕಾಳಿಟ್ಟು ಹೊಲಿಯುತ್ತಿದ್ದಳು ಅವ್ವ, ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ನಾನೂ ಹಾಗೆಯೇ ಮಾಡುತ್ತಿದ್ದೆ. ನಮ್ಮ ಕಡೆಯವರ ಮನೆಗಳು ಎಷ್ಟಿದ್ದವೋ ಅಷ್ಟೂ ಮನೆಯ ತೊಟ್ಟಿಲಿಗೆ ನನ್ನ ಕೌದಿ ಹೋಗಿತ್ತು.

ಒಂದು ಮಧ್ಯಾಹ್ನ ಮುಕಾದಮ ಗೋಣಿಚೀಲ ಹೊತ್ತು ಬಂದ. ಮಾದಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಮಿಟಿಯವರು, ಗರಗಸ ಹಿಡಿಯುವವರಿಗೆ ಕಾಲು ಕಾಯುವ ಪ್ಯಾಂಟು ಇದ್ದರೆ ಮಾತ್ರ ಕೆಲಸ ಎಂದಿದ್ದರಂತೆ. ಚೀಲದಲ್ಲಿ ಗುಜರಿಯಿಂದ ತಂದ ಏಳು ಪ್ಯಾಂಟುಗಳಿದ್ದವು. ಕಿತ್ತಳೆ ಪಟ್ಟಿಯ ದಪ್ಪ ಪ್ಯಾಂಟುಗಳು, ಒಂದೊಂದೂ ಮಗುವಿನಷ್ಟು ಭಾರ. ಎಲ್ಲದರಲ್ಲೂ ತೊಡೆಯ ಹತ್ತಿರ ಸೀಳು. ಸೀಳಿನಿಂದ ಬೆಳ್ಳನೆಯ ಎಳೆಗಳು ಮೆಕ್ಕೆಜೋಳದ ತೆನೆಯ ಕೂದಲಿನಂತೆ ಹೊರಬಂದಿದ್ದವು.

"ಹೊಸಾವು ತರಾಕಾಗಂಗಿಲ್ಲೇನ್ರಿ ಅಣ್ಣಾ?" ಎಂದು ಕೇಳಿದೆ.

"ಇವೂ ಹೊಸಾವ, ಫಾರಿನ್ ಮಾಲು. ಇಷ್ಟ ಹರದಾವ ಅಷ್ಟ. ಕೌದಿ ಹೊಲಿಯಾಕಿಗೆ ಇದೇನು ದೊಡ್ಡ ಮಾತು? ನಿನ್ನ ಕೈಯಾಗ ಲಕ್ಷ್ಮಿ ಅದಾಳ."

ಉಬ್ಬಿಹೋದೆ. ಅದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ನಾಲ್ಕು ದಿನ ಕೂತು ಹೊಲಿದೆ. ಒಳಗಿನ ಪದರಗಳು ಒಂದಕ್ಕೊಂದು ಅಂಟದೆ ಸಡಿಲವಾಗಿ ಜಾರುತ್ತಿದ್ದವು. ಯಾರೋ ದಡ್ಡರು ಹೊಲಿದಿದ್ದಾರೆ, ಟಾಕಾ ಹಾಕಲು ಬೇಸರಪಟ್ಟಿದ್ದಾರೆ ಎಂದುಕೊಂಡೆ. ಹೊರಬಂದ ಎಳೆ ಕತ್ತರಿಸಿ, ಸೀಳು ಮುಚ್ಚಿ, ಸೊಂಟದಿಂದ ಮೊಣಕಾಲಿನವರೆಗೆ ಕೌದಿಯಂತೆ ಸಾಲುಸಾಲಾಗಿ ಬಿಗಿದೆ. ಸೊಂಟದ ಪಟ್ಟಿಯ ಒಳಗೆ, ಏಳರಲ್ಲೂ ಒಂದೇ ಜಾಗದಲ್ಲಿ, ಬ್ಲೇಡಿನಿಂದ ಕೊಯ್ದ ಚೀಟಿಯ ಮೋಟು ಉಳಿದಿತ್ತು. ನೋಡಿದೆ, ಆದರೆ ಯೋಚಿಸಲಿಲ್ಲ. ನಮ್ಮ ಯಜಮಾನರ ಪ್ಯಾಂಟಿನ ಮೂಲೆಯಲ್ಲಿ ನಾಲ್ಕು ಜೋಳದ ಕಾಳನ್ನೂ ಇಟ್ಟೆ.

ಮೂರನೇ ವಾರ ಗುಲ್‌ಮೊಹರ್ ಕೊಂಬೆಯೊಂದನ್ನು ತುಂಡು ಮಾಡುವಾಗ ಗರಗಸ ಎಗರಿ ಇವರ ಎಡತೊಡೆಗೆ ಬಡಿಯಿತು.

ದವಾಖಾನೆಯಲ್ಲಿ ನರ್ಸಮ್ಮ ಪ್ಯಾಂಟು ಕತ್ತರಿಸಿ ತೆಗೆಯುವಾಗ ಕಾಳುಗಳು ನೆಲಕ್ಕೆ ಉದುರಿದವು. "ಇದೇಮಿಟಮ್ಮಾ?" ಎಂದು ತೆಲುಗಿನಲ್ಲಿ ಕೇಳಿದಳು. ನಾನು ಬಗ್ಗಿ ಒಂದೊಂದೇ ಕಾಳು ಆರಿಸಿಕೊಂಡೆ. ಆದರೂ ದೇವರು ಕೈಬಿಡಲಿಲ್ಲ. ಎಲುಬು ಉಳಿಯಿತು. ಹೊತ್ತಿಗೆ ಸರಿಯಾಗಿ ರಕ್ತ ಸಿಕ್ಕಿತು. ಗಾಯ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ನರ ಮಾತ್ರ ಹೋಯಿತು, ಪಾದ ಎತ್ತಲು ಬರುವುದಿಲ್ಲ, ಎಳೆದುಕೊಂಡೇ ನಡೆಯಬೇಕು. ಕಾಲೇ ಇಲ್ಲದಿರುವುದಕ್ಕಿಂತ ಎಳೆಯುವ ಕಾಲು ವಾಸಿ ಎಂದು ಯಲ್ಲಮ್ಮ ತಾಯಿಗೆ ಕಾಯಿ ಒಡೆಸಿದೆ.

ಮುಕಾದಮ ಆಳುಗಳನ್ನೆಲ್ಲ ಕರೆದುಕೊಂಡು ನೋಡಲು ಬಂದ. ಮಂಚದ ಪಕ್ಕ ನಿಂತು ಕಣ್ಣೊರೆಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ: "ಪ್ಯಾಂಟು ಚಲೋನ ಇತ್ತು. ತಂಗಿ ಸೂಜಿ ಹಾಕಿ ಕೆಡಿಸಿದ್ಳು. ಪಾಪ, ಆಕಿಗೇನು ಗೊತ್ತು?"

ಆ 'ಪಾಪ' ಎನ್ನುವ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ.

ಒಂದು ತಿಂಗಳು ಸರಿಯಾಗಿ ಊಟ ಸೇರಲಿಲ್ಲ. ಗಂಡನ ಕಾಲು ತಿಂದದ್ದು ನನ್ನ ಸೂಜಿಯೇ ಎಂದು ನಾನೇ ನಂಬಿದ್ದೆ. ಇವರು ಮನೆಗೆ ಬಂದ ಮೇಲೆ ಒಂದು ದಿನ, ಖಚಿತವಾಗಿ ತಿಳಿದುಕೊಂಡೇಬಿಡೋಣ ಎಂದು ನಾನು ಹೊಲಿದ ಇನ್ನೊಂದು ಪ್ಯಾಂಟನ್ನು ಪಕ್ಕದ ಕೋಣೆಯ ಮುದುಕಪ್ಪನಿಂದ ಇಸಿದುಕೊಂಡೆ. ಅವನೂ ಅದೇ ಗುಂಪಿನ ಆಳು. ಅದನ್ನು ಜೀಡಿಮೆಟ್ಲಾದ ಒಂದು ಅಂಗಡಿಗೆ ಒಯ್ದೆ. ಹೆಲ್ಮೆಟ್ಟು, ಕೈಗವಸು, ಬೂಟು ಮಾರುವ ಅಂಗಡಿ. ಅಂಗಡಿಯ ಸಾಹೇಬರಿಗೆ ವಯಸ್ಸಾಗಿತ್ತು, ಕಲಬುರಗಿಯಲ್ಲಿ ಓದಿದವರಾದ್ದರಿಂದ ಕನ್ನಡ ಬರುತ್ತಿತ್ತು. ಪ್ಯಾಂಟು ನೋಡಿದವರೇ ಹಣೆ ಬಡಿದುಕೊಂಡರು.

"ಯಾ ಅಲ್ಲಾ! ಇದಕ್ಕ ಟಾಕಾ ಹಾಕಿದವರು ಯಾರವ್ವಾ?"

"ನಾನೇರಿ."

ಅವರು ಬೈಯಲಿಲ್ಲ. ಹೊಸದೊಂದನ್ನು ತೆಗೆದು, ಮಾದರಿಗೆಂದು ಕತ್ತರಿಸಿಟ್ಟ ತುಂಡನ್ನೂ ಮುಂದಿಟ್ಟು ತೋರಿಸಿದರು. ಒಳಗೆ ಉದ್ದುದ್ದ ಎಳೆಗಳು, ಬಿಡಿಬಿಡಿ. ಚೈನು ತಾಗಿದ ಕೂಡಲೇ ಆ ಎಳೆಗಳು ಹೊರಬಂದು ಚೈನಿಗೆ, ಅದು ತಿರುಗುವ ಗಾಲಿಗೆ ಸುತ್ತಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಮಷೀನು ನಿಲ್ಲಿಸುತ್ತವೆ. ಬಟ್ಟೆಯ ದಪ್ಪದಿಂದ ಕಾಲು ಉಳಿಯುವುದಲ್ಲ, ಎಳೆ ಸಡಿಲ ಇರುವುದರಿಂದ ಉಳಿಯುವುದು. ಹೊಲಿದು ಬಿಗಿದರೆ ಎಳೆ ಹೊರಗೆ ಬರುವುದೇ ಇಲ್ಲ. ಒಮ್ಮೆ ಚೈನು ಕಚ್ಚಿದ ಪ್ಯಾಂಟು ಮತ್ತೆ ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕು.

"ಇಲ್ಲಿ ನೋಡು" ಎಂದು ಸೊಂಟದ ಪಟ್ಟಿ ತಿರುವಿದರು. ಚೀಟಿಯಲ್ಲಿ ಗರಗಸದ ಚಿತ್ರ. ಅದರ ಕೆಳಗೆ ಸೂಜಿದಾರದ ಚಿತ್ರ, ಅದರ ಮೇಲೆ ಅಡ್ಡಗೆರೆ. ಅಕ್ಷರ ಬರದವರಿಗೂ ತಿಳಿಯುವಂಥದ್ದು. "ನಿಮ್ಮ ಮುಕಾದಮ ಗುಜರಿ ಮಾಲು ತಂದು, ಇವನ್ನ ಹೊಲಿಸಬಹುದೇನು ಅಂತ ನನ್ನನ್ನ ಕೇಳಿದ್ದ. ಸಾಫ್ ಹೇಳಿದ್ದೆ ತಾಯಿ, ಸೂಜಿ ಹಾಕಬ್ಯಾಡ, ಆಳು ಸಾಯ್ತಾವ ಅಂತ."

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಳು ಮೋಟು ಚೀಟಿಗಳು ಕಣ್ಣ ಮುಂದೆ ಬಂದವು... ಆ ಕ್ಷಣದವರೆಗೆ ನನಗೆ ಇದ್ದದ್ದು ದುಃಖ. ಎದ್ದು ನಿಂತಾಗ ಅದು ಬೇರೆಯೇ ಆಗಿತ್ತು.

ನೇರ ಮಾದಾಪುರಕ್ಕೆ ಹೋದೆ. ಆಳುಗಳು ಬಿದ್ದ ಮರದ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಪ್ಯಾಂಟನ್ನು ಮುಕಾದಮನ ಮುಂದೆ ಹಾಸಿದೆ.

"ಅಣ್ಣಾ, ನಿಮ್ಮ ತಂಗಿ ಹೊಲದದ್ದು. ಒಮ್ಮೆ ಹಾಕ್ಕೊಂಡು ಮಷೀನು ಹಿಡೀರಿ."

"ಯಾಕ ತಂಗೀ, ತಲಿಗಿಲಿ ಕೆಟ್ಟೈತೇನು?"

"ಚಲೋ ಮಾಲು ಅಂದಿದ್ರಲ್ರಿ. ಮರಾ ಕಡೀಬ್ಯಾಡ್ರಿ, ಬರೇ ಹಿಡಕೊಂಡು ನಿಲ್ರಿ."

ಮುದುಕಪ್ಪ ನಕ್ಕ. "ಹಾಕ್ಕೋ ಯಪ್ಪಾ, ಮದುಮಗನಂಗ ಕಾಣತಿ. ಅರಿಷಿಣ ನಾವು ಹಚ್ಚತೀವಿ."

ಮುಕಾದಮ ಎದ್ದು ಹೋಗಲು ನೋಡಿದ. ನಾನು ಸೊಂಟದ ಪಟ್ಟಿ ತಿರುವಿ ಹಿಡಿದೆ. "ಇಲ್ಲೊಂದು ಚೀಟಿ ಇತ್ತು. ಯಾರು ಕೊಯ್ದ್ರು?"

"ಅದಾ... ಮೈಗೆ ಚುಚ್ಚತಿತ್ತು. ಅದಕ್ಕ ತಗದೆ."

"ಏಳೂ ಚುಚ್ಚಿದ್ವೇನ್ರಿ? ಒಂದರೆ ಹಾಕ್ಕೊಂಡು ನೋಡೀರೇನು?"

ಅಂಗಡಿಯವರು ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಮುದುಕಪ್ಪ ಚಹಾದ ಕಪ್ಪು ಕೆಳಗಿಟ್ಟು ಎಲ್ಲರ ಮುಖ ನೋಡಿದ. ಅವನ ಪ್ಯಾಂಟು ನನ್ನ ಕೈಯಲ್ಲೇ ಇತ್ತು. ಉಳಿದವರು ಲುಂಗಿ ಸುತ್ತಿಕೊಂಡು ಒಬ್ಬೊಬ್ಬರಾಗಿ ತಮ್ಮ ತಮ್ಮ ಪ್ಯಾಂಟು ಬಿಚ್ಚಿ ಹೊಟ್ಟಿನ ರಾಶಿಯ ಮೇಲೆ ಎಸೆದರು. ಅವತ್ತು ಕೆಲಸ ನಿಂತಿತು. ಮರುದಿನವೂ ಯಾರೂ ಮಷೀನು ಮುಟ್ಟಲಿಲ್ಲ. ಮೂರನೇ ದಿನ ಮುಕಾದಮ ಹೊಸ ಪ್ಯಾಂಟು ಕೊಡಿಸಲು ಎಲ್ಲರನ್ನೂ ಆ ಸಾಹೇಬರ ಅಂಗಡಿಗೆ ಕರೆದುಕೊಂಡು ಬರಬೇಕಾಯಿತು.

ಆರಿಸಿದವಳು ನಾನು. ಕುರ್ಚಿ ಹಾಕಿಸಿಕೊಂಡು ಕೂತು ಒಬ್ಬೊಬ್ಬರದನ್ನೂ ನೋಡಿದೆ. ನೆಲದ ಮೇಲೆ ನಿಂತು ಕಡಿಯುವವರಿಗೆ ಮುಂಭಾಗ ಕಾಯುವಂಥದ್ದು, ಮರ ಹತ್ತುವ ಇಬ್ಬರಿಗೆ ಕಾಲಿನ ಸುತ್ತಲೂ ಕಾಯುವಂಥದ್ದು. ಕುಕ್ಕರುಗಾಲಲ್ಲಿ ಕೂರಿಸಿ, ಬೂಟಿಗೂ ಪ್ಯಾಂಟಿಗೂ ನಡುವೆ ಚರ್ಮ ಕಾಣುತ್ತದೆಯೇ ಎಂದು ನೋಡಿದೆ. ಬಿಗಿಯಾದದ್ದು ಬೇಡ, ಕಾಲಿಗೆ ತೊಡರುವಷ್ಟು ದೊಗಲೆಯೂ ಬೇಡ. ಚೀಟಿ ಇದೆಯೇ ಎಂದು ಬೆರಳಾಡಿಸಿದೆ. ಮುಕಾದಮ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. "ಅಣ್ಣಾ, ನಿಮಗೊಂದು ತಗೊಳ್ಳೂಣೇನ್ರಿ? ಚುಚ್ಚಂಗಿಲ್ಲ" ಎಂದೆ. ಸಾಹೇಬರು ಮುಖ ತಿರುಗಿಸಿ ನಕ್ಕರು. ಅವತ್ತಿನ ಆ ಸುಖವನ್ನು ನಾನು ಸುಳ್ಳು ಎನ್ನಲಾರೆ. ಬಿಸಿ ರೊಟ್ಟಿಗೆ ತುಪ್ಪ ಹಾಕಿ ತಿಂದಂತಿತ್ತು.

ಆದರೆ ತಪ್ಪು ತನ್ನದು ಎಂದು ಅವನು ಹೇಳಲಿಲ್ಲ. ಅಂಗಡಿಯಲ್ಲೂ ಇಲ್ಲ, ಆಮೇಲೂ ಇಲ್ಲ. ಮದುವೆ, ಸೀಮಂತ ಎಂದು ನಮ್ಮ ಕಡೆಯವರು ಸೇರಿದಲ್ಲೆಲ್ಲ ಅದೇ ಮಾತು: ಆಕೆಯ ಸೂಜಿ ಗಂಡನ ಕಾಲು ತಿಂತು. ನಿಧಾನಕ್ಕೆ ನನ್ನ ಮನೆಗೆ ಹಳೆ ಸೀರೆಯ ಗಂಟು ಬರುವುದು ನಿಂತಿತು. ತೊಟ್ಟಿಲಿಗೆ ಅಪಶಕುನದ ಕೈ ಯಾರಿಗೆ ಬೇಕು? ಪಂಚಮಿಗೆ ಅವನು ಬೇರೆಯವರ ಕೈಯಲ್ಲಿ ಖಣ ಕಳಿಸಿದ. ಮಡಿಕೆ ಬಿಚ್ಚದೆ ವಾಪಸು ಕಳಿಸಿದೆ.

ನಾನು ಅವನ ಸಾವು ಬೇಡಲಿಲ್ಲ. ಇದನ್ನು ತಾಯಿಯ ಆಣೆ ಇಟ್ಟು ಹೇಳುತ್ತೇನೆ. ಪ್ರತಿ ಶುಕ್ರವಾರ ಬೇಡಿದ್ದು ಅವನ ಆಯುಷ್ಯವನ್ನೇ. 'ತಾಯಿ, ಅವನು ಬದುಕಲಿ. ಆ ಒಂದು ಮಾತು ಅವನ ಬಾಯಿಂದ, ನಾಲ್ಕು ಜನರ ಮುಂದೆ, ಬರುವವರೆಗೆ ಬದುಕಲಿ.' ಒಂಬತ್ತು ವರ್ಷ ಹೀಗೆ ಬೇಡಿದೆ. ಆ ನಡುವೆ ಇವರಿಗೆ ಒಂದು ಅಪಾರ್ಟ್‌ಮೆಂಟಿನಲ್ಲಿ ಕೂತು ಮಾಡುವ ಕಾವಲುಗಾರನ ಕೆಲಸ ಸಿಕ್ಕಿತು, ನಾವು ಕಿಟಕಿಯಿರುವ ಮನೆಗೆ ಬಂದೆವು. ಇವೆಲ್ಲ ಕೇಳದೆಯೇ ತಾಯಿ ಕೊಟ್ಟದ್ದು. ಕೇಳಿದ್ದೊಂದೇ ಬಾಕಿ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನ ಹೆಂಡತಿ ಬಂದಳು. ನೀರು ಕೊಟ್ಟೆ. ಕುಡಿಯದೆ ಕೈಯಲ್ಲೇ ಹಿಡಿದುಕೊಂಡಳು.

"ಅಕ್ಕಾ, ಅವರಿಗೆ ಆರಾಮಿಲ್ಲ. ನಿಮ್ಮನ್ನ ಕರಕೊಂಡು ಬಾ ಅಂದಾರ. ಏನೋ ಮಾತು ಐತಂತ."

ಅವಳ ಮುಖ ನೋಡಿದರೆ ಸಣ್ಣ ಕಾಯಿಲೆಯಲ್ಲವೆಂದು ತಿಳಿಯುತ್ತಿತ್ತು. ತಿಳಿದೇ ಹೇಳಿದೆ: "ಅವರಿಗೆ ಕಾಲು ಎರಡೂ ಗಟ್ಟಿ ಅದಾವಲ್ಲ. ನಡಕೊಂಡು ಬರಲಿ ಅನ್ರಿ."

ಅವಳು ಲೋಟ ಹೊಸ್ತಿಲ ಮೇಲಿಟ್ಟು ಹೋದಳು. ಒಂದು ವಾರಕ್ಕೆ ಅವನು ಸತ್ತ ಸುದ್ದಿ ಬಂತು.

ಇವರು ಮಣ್ಣಿಗೆ ಹೋದರು, ಕೋಲೂರಿಕೊಂಡು, ಕಾಲೆಳೆಯುತ್ತಾ. ನಾನು ತಡೆಯಲಿಲ್ಲ, ಹೋಗಲೂ ಇಲ್ಲ. ತಿರುಗಿ ಬಂದಾಗ ಬಚ್ಚಲಲ್ಲಿ ಕೂರಿಸಿ ಬಿಸಿನೀರು ಹಾಕಿದೆ. ತೊಡೆಯ ಮೇಲಿನ ಆ ಗಾಯದ ಗೆರೆಯ ಮೇಲೂ ನೀರು ಹರಿಯಿತು.

"ಅವನ ಮಾರಿ ನೋಡಿದೆ. ಎಲ್ಲಾ ಬಿಟ್ಟುಬಿಟ್ಟೆ. ನೀನೂ ಬಿಡು" ಎಂದರು.

"ಕಾಲು ನಿಮ್ಮದು, ನೀವು ಬಿಡ್ರಿ. ಸೂಜಿ ನಂದು" ಎಂದೆ.

ಆದರೆ ಒಬ್ಬಳೇ ಕೂತಾಗ ಲೆಕ್ಕ ತಪ್ಪುತ್ತದೆ. ಆ ಮಾತನ್ನೇ ಹೇಳಲು ಕರೆಸಿದ್ದನೋ? ಇಲ್ಲ, ಸಾಯುವಾಗಲೂ 'ಪಾಪ ತಂಗೀ' ಎನ್ನಲು ಕರೆಸಿದ್ದನೋ? ತಾಯಿ ನನ್ನ ಬೇಡಿಕೆಯನ್ನು ಅವನ ಹೆಂಡತಿಯ ಕೈಗೆ ಕೊಟ್ಟು ಬಾಗಿಲಿಗೇ ಕಳಿಸಿದ್ದಳೋ ಏನೋ... ನಾನೇ ಹೊಸ್ತಿಲಿನಿಂದ ತಿರುಗಿ ಕಳಿಸಿದೆ. ಈಗ ಅದನ್ನು ಹೇಳಬಲ್ಲ ಬಾಯಿ ಭೂಮಿಯ ಮೇಲಿಲ್ಲ. ಸಿಟ್ಟು ಮಾತ್ರ ಎಳ್ಳಷ್ಟೂ ಕಡಿಮೆಯಾಗಿಲ್ಲ, ಹೋಗಲು ಮನೆಯಿಲ್ಲದ ನೆಂಟನಂತೆ ನನ್ನಲ್ಲೇ ಉಳಿದುಕೊಂಡಿದೆ.

ಶುಕ್ರವಾರ ಬಂದರೆ ದೀಪ ಹಚ್ಚಿ ಕೈ ಮುಗಿಯುತ್ತೇನೆ. ಏನು ಬೇಡಬೇಕೆಂದು ತಿಳಿಯುವುದಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಒಳಗೆ ಹೋಗುತ್ತೇನೆ.