ಮಾಪಣ್ಣ ಅಂಟಿಸಿದ ಸೋರುವ ಗೋಡೆ

ಶಹಾಡಿನ ಮಾಪಣ್ಣ ಗೋಡೆಗೆ ವಾಲ್‌ಪೇಪರ್ ಅಂಟಿಸುವವನು. ಚಿತ್ತಾಪುರದ ಕಡೆಯಿಂದ ಬಂದು ಮೊದಲು ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಕಬ್ಬಿಣ ಹೊತ್ತ. ಬೆನ್ನು ಕೈಕೊಟ್ಟ ಮೇಲೆ ಈ ಕೆಲಸ ಹಿಡಿದ. ಡೊಂಬಿವಲಿಯ ನಮ್ಮ ಮನೆಯ ಹಾಲ್ ಗೋಡೆಗೆ ಅವನು ಬಿದಿರುಕಾಡು ಅಂಟಿಸಿದ ದಿನ ಎದುರುಮನೆಯ ಬೆಕ್ಕು ಅದನ್ನು ಹತ್ತಲು ಹಾರಿ ಮೂತಿ ಜಜ್ಜಿಕೊಂಡಿತು. ಆರು ತಿಂಗಳಲ್ಲಿ ಆ ಬಿದಿರು ಒಂದು ಗೇಣು ಬೆಳೆದದ್ದನ್ನೂ ನಾನು ಸೋಫಾದ ಬೆನ್ನಿನಿಂದ ಅಳೆದು ನೋಡಿದ್ದೇನೆ. ನನ್ನ ಹೆಂಡತಿ ಗಂಗಾ, ಸೋಫಾ ತಗ್ಗಿದ್ದು ಎನ್ನುತ್ತಾಳೆ. ಇರಲಿ. ಎರಡು ಪಟ್ಟಿ ಸೇರುವ ಗೆರೆ ಮಾತ್ರ ಯಾರ ಕಣ್ಣಿಗೂ ಬಿದ್ದಿಲ್ಲ. ಹದಿನಾಲ್ಕು ವರ್ಷದಲ್ಲಿ ಕಾಗದ ಎದ್ದಿತೆಂದು ಒಂದು ಮನೆಯವರೂ ಅವನನ್ನು ವಾಪಸ್ ಕರೆದಿಲ್ಲ. ಅದೇ ಅವನ ಆಸ್ತಿ.

ಹಾಗಾಗಿ ನನ್ನ ಮೊಮ್ಮಗಳು ಅನಘ ಬೇಲಾಪುರದ ಗ್ಯಾಲರಿಯೊಂದರಲ್ಲಿ ತನ್ನ ಪ್ರದರ್ಶನದ ಕಾಗದ ಅಂಟಿಸಲು ಜನ ಬೇಕೆಂದಾಗ ಅವನನ್ನೇ ಕರೆದುಕೊಂಡು ಹೋದೆ. ಮಾಪಣ್ಣ ಕಾಗದದ ಸುರುಳಿ ಬಿಚ್ಚಿದವನು ಹಾಗೇ ಸುತ್ತಿಟ್ಟ.

"ಅಜ್ಜಾರ, ಪ್ರೆಸ್ಸಿನವ್ರು ಮಾಲು ಕೆಡಿಸ್ಯಾರ. ಪೂರಾ ನೀರು ಸೋರಿದ ಕಲೆ ಬಿದ್ದಾವ."

"ಅದೇ ಡಿಸೈನು ಮಾರಾಯ. ನಮ್ಮ ಹೌಸಿಂಗ್ ಸೊಸೈಟಿಯ ಸೋರುವ ಗೋಡೆಗಳ ಫೋಟೋ ತೆಗ್ದು ಇವಳೇ ಮಾಡಿದ್ದು."

"ಕಲೆ ಮುಚ್ಚಲಾಕ ಅಲ್ರಿ ಜನ ನನ್ನ ಕರಿಯೋದು? ಇದು ಒಣಾ ಗ್ವಾಡಿ. ಇದಕ್ಕ ಕಲೆ ಹಚ್ಚಬೇಕಾ?"

ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಅನಘ, "ಹಾಂ ಕಾಕಾ, ವಹೀ ತೋ ಆರ್ಟ್ ಹೈ" ಅಂದಳು. ಮಾಪಣ್ಣ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಎರಡು ದಿನದಲ್ಲಿ ಹತ್ತು ಪಟ್ಟಿ ಅಂಟಿಸಿದ. ಒಂದು ಪಟ್ಟಿಯ ಅರ್ಧ ಕಲೆಗೆ ಇನ್ನೊಂದರ ಅರ್ಧ ಕಲೆ ಕೂದಲೆಳೆಯೂ ಬಿಡದೆ ಕೂತಿತು. ಖುಷಿಯಾದ ಅನಘ ಬಾಗಿಲ ಪಕ್ಕದ ಗೋಡೆಯ ಕಾರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ಅವನ ಹೆಸರನ್ನೂ ಹಾಕಿಸಿದಳು. ಊರ ಗೋಡೆಗೆಲ್ಲ ಕಾಗದ ಅಂಟಿಸಿದವನು ಗೋಡೆಯ ಮೇಲೆ ತನ್ನ ಹೆಸರು ನೋಡಿದ್ದು ಅದೇ ಮೊದಲು. ಮೂರು ಫೋಟೋ ತೆಗೆದು ಹೆಂಡತಿ ಸಾಬವ್ವನಿಗೆ ಕಳಿಸಿದ.

ಸಂಜೆ ಐದಕ್ಕೆ ಉದ್ಘಾಟನೆ. ಮೂರು ಗಂಟೆಗೆ ಅವನು ಐದನೆಯ ಪಟ್ಟಿಯ ಮೇಲೆ ಅಂಗೈ ಇಟ್ಟ.

"ಹಸಿ ಆಗ್ಯಾದ. ಒಳಗ ಮ್ಯಾಲಿನ ಏಸಿ ಪೈಪು ಸೋರಾಕತ್ತದ."

ಅನಘ ಓಡಿ ಬಂದಳು. ತಾನು ಮಾಡಿದ ಕಲೆ ಯಾವುದು, ಪೈಪು ಮಾಡಿದ್ದು ಯಾವುದು, ಅವಳಿಗೇ ಗೊತ್ತಾಗಲಿಲ್ಲ. ನಾನು ಕನ್ನಡಕ ಏರಿಸಿ, "ಇದು ಪೈಪಿನದ್ದು" ಎಂದು ಗಟ್ಟಿಯಾಗಿ ಬೆರಳಿಟ್ಟೆ. ಅದು ಅವಳದ್ದಾಗಿತ್ತು. ಗ್ಯಾಲರಿಯವರು ಬಂದು, ಚೆನ್ನಾಗಿ ಹೊಂದಿಕೊಂಡಿದೆ, ಹಾಗೇ ಇರಲಿ ಎಂದರು.

"ನಾಳಿಗಿ ಇದು ಏಳ್ತದ ತಂಗಿ," ಅಂದ ಮಾಪಣ್ಣ. "ಬಾಗ್ಲಾಗ ನನ್ನ ಹೆಸರದ. ಒಂದಾ ಹೆಸರು ತಗಿ, ಇಲ್ಲಂದ್ರ ಪಟ್ಟಿ ನಾ ತಗೀತೀನಿ."

"ಕಾಕಾ, ಪಬ್ಲಿಕ್ ಕೋ ಕ್ಯಾ ಪತಾ ಚಲೇಗಾ?"

"ನನಗ ಗೊತ್ತದಲ್ಲ."

ಪಟ್ಟಿ ತೆಗೆದರೆ ಅವಳ ವರ್ಷದ ಕೆಲಸಕ್ಕೆ ತೂತು. ಹೆಸರು ತೆಗೆಯೋಣವೆಂದರೆ ಪ್ರೀತಿಯಿಂದ ಹಾಕಿದವಳೇ ಅವಳು. ಎರಡು ಸಲ ಕಾರ್ಡಿನ ತನಕ ಹೋಗಿ ಬಂದಳು. ಕೊನೆಗೆ ಪಟ್ಟಿಯತ್ತ ಕೈ ತೋರಿಸಿ, "ನಿಕಾಲೋ" ಅಂದಳು.

ಅವನು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಕಿತ್ತ. ಹಿಂದಿನ ಗೋಡೆಯ ಮೇಲೂ ಅದೇ ಕಂದು ಕಲೆಗಳು. ಮೂವರೂ ಹಿಂದೆ ಸರಿದು ನೋಡಿದೆವು. ತೂತು ಎಲ್ಲಿದೆಯೆಂದು ಕಾಣಲೇ ಇಲ್ಲ. ಒಂಬತ್ತು ಇರಬೇಕಾದ ಪಟ್ಟಿ ಎಣಿಸಿದರೆ ಅನಘಳಿಗೆ ಹತ್ತು ಬಂತು, ನನಗೆ ಹನ್ನೊಂದು.

"ಈಗ ಹಸಿ ಆಗಿದ್ದು ಗ್ವಾಡಿ. ನನ್ನ ಪೇಪರ್ ಅಲ್ಲ," ಎಂದು ಮಾಪಣ್ಣ ಕೈ ಒರೆಸಿಕೊಂಡ. ಆದರೂ ಸಮಾಧಾನವಾಗಲಿಲ್ಲ. ಬಾಗಿಲಿಗೆ ಹೋಗಿ, ಕಾರ್ಡಿನಲ್ಲಿ ತನ್ನ ಹೆಸರಿನ ಕೆಳಗೆ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದ: ಐದನೇ ಪಟ್ಟಿ ಬಿಟ್ಟು.

ಐದಕ್ಕೆ ಜನ ಬಂದರು. ಕಾರ್ಡಿನಲ್ಲಿ ಪೆನ್ಸಿಲಿನಿಂದ ಏನು ಬರೆದಿದೆ ಎಂದು ಗಂಡಹೆಂಡತಿಯ ಜೋಡಿಯೊಂದು ಕೇಳಿತು. ನಾನು ಓದಿ ಹೇಳಿದೆ. ಗಂಡ ಎಡಗಡೆಯಿಂದ ಎಣಿಸಿದ, ಹೆಂಡತಿ ಬಲಗಡೆಯಿಂದ. ಇಬ್ಬರೂ ಬೇರೆಬೇರೆ ಕಡೆ ನಿಂತು, ಇದೇ ಇದೇ ಎಂದು ವಾದಕ್ಕೆ ಬಿದ್ದರು.

ಮಾಪಣ್ಣ ಕಾರ್ಡಿನ ಹತ್ತಿರ ಹೋದ. ಮತ್ತೆ ಪೆನ್ಸಿಲ್ ತೆಗೆದು, ‘ಎಡಗಡೆಯಿಂದ’ ಎಂದು ಸೇರಿಸಿದ.