ಎರಡು ಮೊಣಕೈಯ ಕೆದಕುಗೋಲು

ನಮ್ಮ ಬಚ್ಚಲೊಲೆಯ ಕೆದಕುಗೋಲಿಗೆ ಎರಡು ಮೊಣಕೈಗಳಿದ್ದವು. ಲೋಕದ ಕೆದಕುಗೋಲುಗಳೆಲ್ಲ ನೆಟ್ಟಗಿರುತ್ತವೆ, ಹೆಚ್ಚೆಂದರೆ ತುದಿಯಲ್ಲೊಂದು ಕೊಕ್ಕೆ. ನಮ್ಮದು ಮಾತ್ರ ಹಿಡಿಯ ಬಳಿ ಒಮ್ಮೆ ಪಕ್ಕಕ್ಕೆ, ಗೇಣುದ್ದ ಹೋಗಿ ಮತ್ತೊಮ್ಮೆ ಮುಂದಕ್ಕೆ ಬಾಗಿ, ಏನನ್ನೋ ಹೇಳಹೊರಟು ನಡುವೆ ಮಾತು ತಿರುಗಿಸಿದವರಂತೆ ಕಾಣುತ್ತಿತ್ತು. ಮದುವೆಯಾಗಿ ಮಾದಾಪುರದ ಈ ಮನೆಗೆ ಬಂದ ಹೊಸದರಲ್ಲಿ ಅದರಿಂದ ಕೆಂಡ ಎಳೆಯಲು ಹೋಗಿ ನಾನು ಸೀರೆಯ ಅಂಚನ್ನೇ ಆಹುತಿ ಕೊಟ್ಟೆ. "ಕಾನ್ವೆಂಟಲ್ಲಿ ನಿಂಗೆ ಮೇಣದಬತ್ತಿ ಹಚ್ಚೋದಷ್ಟೇ ಕಲಿಸಿದ್ರಾ ಮಾರಾಯ್ತಿ?" ಎಂದು ಅತ್ತೆ ನಕ್ಕಿದ್ದರು, ಆದರೆ ಕೋಲನ್ನು ನನ್ನ ಕೈಯಿಂದ ತೆಗೆದುಕೊಂಡಾಗ ಅದನ್ನು ಸೆರಗಿನಿಂದ ಒರೆಸಿಟ್ಟರು. ಮಸಿಯ ಕೋಲನ್ನು ಸೆರಗಿನಿಂದ ಒರೆಸುವ ಹೆಂಗಸನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಇಂಥ ಸಣ್ಣಪುಟ್ಟ ಸಂಗತಿಗಳನ್ನು ಗಮನಿಸುವುದು, ಗಮನಿಸಿ ಸುಮ್ಮನಿರುವುದು, ಗೃಹಿಣಿಯರಿಗೆ ಒಲಿದ ಒಂದು ನಿರುಪಯೋಗಿ ವಿದ್ಯೆ.

ಪುನರ್ಜನ್ಮದಲ್ಲಿ ವಿಶ್ವಾಸವಿಲ್ಲದವರು ನಮ್ಮ ಮನೆಯ ಷೆಡ್ಡಿಗೊಮ್ಮೆ ಬರಬೇಕು. ಒಂದು ಕಾಲಕ್ಕೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದ ಆ ಷೆಡ್ಡೇ ಈಗ ನಮ್ಮವರ ಗ್ಯಾರೇಜು. ಅಲ್ಲಿ ಗಿಡ ಕಸಿ ಮಾಡುವ ಕತ್ತಿ ತುಕ್ಕು ಕೆರೆಯುವ ಉಳಿಯಾಗಿದೆ. ತಕ್ಕಡಿಯ ತಟ್ಟೆಯಲ್ಲಿ ಬೋಲ್ಟುಗಳು ಸೀಮೆಎಣ್ಣೆಯ ಅಭ್ಯಂಜನ ಮಾಡುತ್ತವೆ. ನನ್ನ ಲಟ್ಟಣಿಗೆ ಚಪಾತಿಯ ಸಾತ್ವಿಕ ಜೀವನ ತೊರೆದು ತಗಡಿನ ತಗ್ಗು ಸಮ ಮಾಡುವ ಕರ್ಮಮಾರ್ಗ ಹಿಡಿದಿದೆ. ಕಸೂತಿಗೆಂದು ಕಾನ್ವೆಂಟಿನ ಸಿಸ್ಟರುಗಳು ಬಹುಮಾನ ಕೊಟ್ಟ ನನ್ನ ಮರದ ಬಳೆಯ ಚೌಕಟ್ಟಿನಲ್ಲಿ ಕಾರಿನ ಸೀಟಿನ ಬಟ್ಟೆ ಬಿಗಿದು ಕೂತದ್ದನ್ನು ಕಂಡ ದಿನ ನಾನು ಎರಡು ಹೊತ್ತು ಮಾತು ಬಿಟ್ಟಿದ್ದೆ. ಸತ್ತವರು ಲೋಕದ ಕಡೆಯ ತೀರ್ಪಿನ ದಿನದವರೆಗೆ ನೆಮ್ಮದಿಯಾಗಿ ಮಲಗಿರುತ್ತಾರೆಂದು ಅದೇ ಸಿಸ್ಟರುಗಳು ಹೇಳಿಕೊಟ್ಟಿದ್ದರು. ನಮ್ಮ ಷೆಡ್ಡಿನಲ್ಲಿ ಯಾವುದನ್ನೂ ಮಲಗಲು ಬಿಡುವ ಸಂಪ್ರದಾಯವಿರಲಿಲ್ಲ.

ಇಷ್ಟೆಲ್ಲ ಸನ್ನಾಹ ಒಂದು ಕಾರಿಗಾಗಿ. ಅದು ನಮ್ಮ ಮಾವನವರದು. ದುಂಡು ಕಣ್ಣಿನ, ತುಂಬುಗೆನ್ನೆಯ, ಕಡುಹಸಿರು ಕಾರು. ಮಾವನವರನ್ನು ನಾನು ನೋಡಿದ್ದು ಪಟದಲ್ಲಿ ಮಾತ್ರ. ನಾನು ಈ ಮನೆಗೆ ಬರುವ ಮೊದಲೇ, ನಮ್ಮವರು ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ, ಒಂದು ಮಂಜಿನ ಮಧ್ಯಾಹ್ನ ಅವರು ಎಸ್ಟೇಟಿನಿಂದ ಬಂದು, ಕಾರನ್ನು ಷೆಡ್ಡಿನೊಳಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗೆ ಇಳಿಯಲೇ ಇಲ್ಲ. ಕಾಫಿ ತಣ್ಣಗಾಗುತ್ತದೆಂದು ಕರೆಯಲು ಹೋದ ಅತ್ತೆಗೆ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತ ಗಂಡ ಸಿಕ್ಕರು. ಆ ದಿನದ ಬಗ್ಗೆ ಅತ್ತೆ ಎಂದಾದರೂ ಆಡಿದ್ದು ಒಂದೇ ಮಾತು: "ಬಾನೆಟ್ ಇನ್ನೂ ಬಿಸಿ ಇತ್ತು ಕಣೆ." ಆಮೇಲೆ ಟಾರ್ಪಾಲು ಹೊದ್ದ ಕಾರನ್ನು ಯಾರೂ ಅಲುಗಿಸಲಿಲ್ಲ, ಅತ್ತೆ ಷೆಡ್ಡಿನ ಹೊಸ್ತಿಲು ತುಳಿಯಲಿಲ್ಲ.

ಹೋದ ವರ್ಷ ನಮ್ಮವರ ಬಲಗೈಗೆ ಪಾರ್ಶ್ವವಾಯು ತಟ್ಟಿತು. ದೊಡ್ಡದೇನಲ್ಲ ಎಂದರು ಡಾಕ್ಟರು. ಆದರೆ ಲೋಟ ಹಿಡಿಯಲಾಗದ ಗಂಡಸಿಗೆ ಅದಕ್ಕಿಂತ ದೊಡ್ಡದು ಯಾವುದಿದೆ? ಗೋಡೆಗೆ ಮುಖ ಮಾಡಿ ಮಲಗಿದವರು ಊಟಕ್ಕೂ ಏಳಲೊಲ್ಲರು. ಒಂದು ಬೆಳಿಗ್ಗೆ ಏನು ತೋಚಿತೋ, ಹೋಗಿ ಆ ಟಾರ್ಪಾಲು ಎಳೆದರು. ಅಂದಿನಿಂದ ಒಂದೊಂದು ನಟ್ಟು ತಿರುಗಿದಂತೆ ಒಂದೊಂದು ಬೆರಳಿಗೂ ಜೀವ ಬಂತು. ಅವರು ಕಾರು ರಿಪೇರಿ ಮಾಡುತ್ತಿದ್ದಾರೆಂದು ಊರು ತಿಳಿದಿತ್ತು; ಯಾರು ಯಾರನ್ನು ರಿಪೇರಿ ಮಾಡುತ್ತಿದ್ದರೆಂಬುದು ನನಗೆ ಗೊತ್ತಿತ್ತು.

ಅತ್ತೆಗೆ ಮಾತ್ರ ಅಲ್ಲಿಂದ ಬರುವ ಒಂದೊಂದು ಪೆಟ್ಟೂ ಎದೆಯ ಮೇಲೆ ಬಿದ್ದಂತಾಗುತ್ತಿತ್ತು. ಕಡೆಗೆ ಮಗನ ಮುಂದೆ ನಿಂತು ಹೇಳಿಬಿಟ್ಟರು: "ಕೈಲ್ ಮುಹೂರ್ತದೊಳಗೆ ಅದು ಎದ್ರೆ ಏಳ್ಲಿ. ಏಳ್ಲಿಲ್ವಾ, ಗುಜರಿಯವನಿಗೆ ಕೊಟ್ಟು ನನ್ನ ಕಿವಿಗೆ ಶಾಂತಿ ಮಾಡು." ನಮ್ಮವರು ಒಪ್ಪಿದರು. ಎಂಜಿನ್ ಸಿದ್ಧವಾಗಿಯೂ ಇತ್ತು. ಆದರೆ ಕೀಲಿ ತಿರುವಿದರೆ ಏಳುವ ಕಾರಲ್ಲ ಅದು. ಅದರ ಸೆಲ್ಫ್ ಸ್ಟಾರ್ಟರು ಸತ್ತಿತ್ತು, ಬದಲಿ ಎಲ್ಲೂ ಸಿಗಲಿಲ್ಲ. ಇಂಥ ಕಾರುಗಳನ್ನು ಮುಂದಿನಿಂದ ಕಬ್ಬಿಣದ ಹ್ಯಾಂಡಲು ತೂರಿಸಿ ತಿರುಗಿಸಿ ಎಬ್ಬಿಸಬೇಕು, ಆ ಹ್ಯಾಂಡಲೇ ಇರಲಿಲ್ಲ. ಅಟ್ಟ, ಉಗ್ರಾಣ, ಕೊಟ್ಟಿಗೆ ಎಲ್ಲ ಜಾಲಾಡಿದರು. ಸೋಮವಾರಪೇಟೆಯಲ್ಲಿ ಹೊಸದೊಂದನ್ನು ಮಾಡಿಸಿ ತಂದದ್ದು ತೂತಿನಲ್ಲಿ ಕಚ್ಚದೆ ಜಾರಿ, ಅವರ ಬಲಗೈ ಮಣಿಕಟ್ಟಿಗೇ ಬಡಿಯಿತು. ಆ ಸಂಜೆ ಅವರು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು.

ಕೊಡಗಿನವರಿಗೆ ಹೇಳಬೇಕಿಲ್ಲ, ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಕೈಲ್ ಮುಹೂರ್ತವೆಂದರೆ ನಮ್ಮಲ್ಲಿ ಆಯುಧಗಳ ಹಬ್ಬ. ಕೋವಿ, ಕತ್ತಿ, ಗುದ್ದಲಿಗಳನ್ನೆಲ್ಲ ತೊಳೆದು ದೇವರ ಕೋಣೆಯಲ್ಲಿ ಮಲಗಿಸುತ್ತಾರೆ. ಹೂವೇರಿಸಿ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ. ಈ ಸಲ ನನಗೊಂದು ಧರ್ಮಸಂಕಟ ಎದುರಾಯಿತು. ಉಳಿಯಾದ ಕತ್ತಿ ಈಗ ಯಾವ ಜಾತಿ? ಲಟ್ಟಣಿಗೆ ಆಯುಧವೋ ಪಾತ್ರೆಯೋ? ಗೊತ್ತಾಗದೆ, ಹಬ್ಬದ ಹಿಂದಿನ ದಿನ ಷೆಡ್ಡಿನಲ್ಲಿದ್ದುದನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದು ಮಲಗಿಸಿದೆ, ಕಸೂತಿಯ ಬಳೆಯನ್ನೂ ಸೇರಿಸಿ. ಷೆಡ್ಡಿನಲ್ಲಿ ಒಂದು ಮೊಳೆ ಕೂಡ ಉಳಿಯಲಿಲ್ಲ.

ಮಧ್ಯಾಹ್ನ ನಮ್ಮವರು ಕೋವಿಗೇರಿಸುವ ತೋಕ್‌ಪೂ ಎಂಬ ಕಾಡುಹೂ ಹುಡುಕಿಕೊಂಡು ಬೇಲಿಯಂಚಿಗೆ ಹೋಗಿದ್ದರು. ಮಂಜು ಅಂಗಳದವರೆಗೆ ಬಂದು ನಿಂತಿತ್ತು. ನಾನು ಹಬ್ಬದ ಕಡುಬಾದ ಕಡಂಬುಟ್ಟಿಗೆ ಅಕ್ಕಿತರಿ ಆರಿಸುತ್ತಿದ್ದೆ. ಆಗ ಕೇಳಿಸಿತು: ಟಿಕ್. ಸ್ವಲ್ಪ ತಡೆದು, ಟಿಕ್. ಯಾರೋ ಅತ್ಯಂತ ಸಣ್ಣ ಸುತ್ತಿಗೆಯಿಂದ, ಮನೆಮಂದಿಗೆ ತೊಂದರೆಯಾಗದ ಹಾಗೆ, ಕೆಲಸ ಮುಂದುವರಿಸಿದಂತೆ. ಷೆಡ್ಡಿನಿಂದ.

ಹೋಗಿ ನೋಡಿದೆ. ಯಾರೂ ಇರಲಿಲ್ಲ. ಕಾರಿನ ಮೇಲಿನ ಧೂಳು ನನ್ನ ಬುಟ್ಟಿಯ ಗುರುತು ಬಿಟ್ಟರೆ ಹಾಗೆಯೇ ಇತ್ತು. ಸದ್ದು ಬಾನೆಟ್ಟಿನೊಳಗಿಂದ ಬರುತ್ತಿತ್ತು, ಬರಬರುತ್ತ ಅದರ ನಡುವಿನ ಮೌನ ಉದ್ದವಾಗುತ್ತಿತ್ತು. ಇಲಿ ಎಂದುಕೊಂಡೆ. ಇಲಿಗೆ ಅಷ್ಟು ವ್ಯವಧಾನವಿರುವುದಿಲ್ಲವೆಂದೂ ಅಂದುಕೊಂಡೆ. ಬಾನೆಟ್ಟಿನ ಕಡೆ ಚಾಚಿದ ಕೈ, ಯಾಕೋ, ತಾನಾಗಿ ಹಿಂದೆ ಬಂತು.

ತಿರುಗಿದರೆ ಹೊಸ್ತಿಲಾಚೆ ಅತ್ತೆ ನಿಂತಿದ್ದರು. ಅವರ ಮುಖದಲ್ಲಿ ಭಯವಿರಲಿಲ್ಲ. ಮರೆತ ಕೆಲಸವೊಂದು ನೆನಪಾದವರ ಗಾಬರಿಯಿತ್ತು.

"ಎಲ್ಲಾರ ಹತ್ಯಾರೂ ಮಲಗಿಸಿದ್ಯಾ?"

"ಎಲ್ಲ ಆಯ್ತು ಅತ್ತೆ, ಒಂದೂ ಬಿಟ್ಟಿಲ್ಲ."

"ಬಿಟ್ಟಿದೀಯ. ನಿನ್ನ ಮಾವನೋರದ್ದೊಂದು ಒಲೇಲಿ ಬೇಯ್ತಾ ಇದೆ."

ಅವರು ಹಿತ್ತಲಿಗೆ ಹೋದರು. ಬಚ್ಚಲೊಲೆಯ ಬಾಯಿಂದ ಆ ಎರಡು ಮೊಣಕೈಯ ಕೋಲನ್ನು ಎಳೆದು, ನೀರಿಗದ್ದಿ, ಹುಣಸೆಹುಳಿ ಹಾಕಿ ತಿಕ್ಕಿದರು. ಮಸಿ ಕಳಚಿದಂತೆಲ್ಲ, ಮರದ ಹಿಡಿ ಸುಟ್ಟುಹೋದ, ತುದಿಯಲ್ಲಿ ಅಡ್ಡಕೀಲಿರುವ ಕಾರಿನ ಹ್ಯಾಂಡಲು ನನ್ನ ಕಣ್ಣೆದುರು ಹುಟ್ಟಿತು. ಇಷ್ಟು ವರ್ಷ ಅದರಿಂದಲೇ ನಾನು ಕೆಂಡ ಕೆದಕಿದ್ದೆ, ಆದರೆ ನನಗೆ ಕಾರು ಗೊತ್ತಿರಲಿಲ್ಲ. ನಮ್ಮವರಿಗೆ ಕಾರು ಗೊತ್ತಿತ್ತು, ಆದರೆ ಬಿಸಿನೀರು ಎಲ್ಲಿಂದ ಬರುತ್ತದೆಂದು ಅವರು ಒಮ್ಮೆಯೂ ಬಗ್ಗಿ ನೋಡಿದವರಲ್ಲ.

"ಅವರು ಹೋದ ದಿನಾನೇ ಕಾರಿಂದ ತೆಗೆದು ಇಲ್ಲಿ ತಂದಿಟ್ಟೆ," ಅತ್ತೆ ತಿಕ್ಕುತ್ತಲೇ ಹೇಳಿದರು. "ಅವರನ್ನ ಕೂರಿಸ್ಕೊಂಡೇ ಕಾರು ಮತ್ತೆ ಹೊರಟುಹೋದ್ರೆ ಅಂತ ಹೆದರಿಕೆ ಆಯ್ತು. ನಗಬೇಡ."

ನಾನು ನಗಲಿಲ್ಲ. ಅದನ್ನು ಕೋವಿಯ ಪಕ್ಕ ಮಲಗಿಸಿದಾಗ ಷೆಡ್ಡಿನ ಸದ್ದು ನಿಂತಿತ್ತು. ಅದಕ್ಕೆ ಮೊದಲೇ ನಿಂತಿತ್ತೋ, ನಾವಿಬ್ಬರೂ ಗಮನಿಸಲಿಲ್ಲ.

ಮರುದಿನ ಪೂಜೆಯಾದ ಮೇಲೆ ಅತ್ತೆ ಅದನ್ನು ಮಗನ ಬಲಗೈಗೇ ಕೊಟ್ಟರು. ನಮ್ಮವರು ಅದನ್ನು ನೋಡಿದರು, ತಾಯಿಯನ್ನು ನೋಡಿದರು, ನೆಟ್ಟಗೆ ಷೆಡ್ಡಿಗೆ ನಡೆದರು. ಹ್ಯಾಂಡಲು ತನ್ನ ತೂತಿನಲ್ಲಿ, ಬೀಗದಲ್ಲಿ ಕೀಲಿ ಕೂರುವ ಹಾಗೆ ಕೂತಿತು. ನಾಲ್ಕಾರು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಕಾರು ಎದ್ದಿತು. ಬಲಗೈಯನ್ನು ಮೇಲೆತ್ತಿ ನಮ್ಮವರು ಮಗುವಿನಂತೆ ಕೂಗಿದರು. ಗುಜರಿಯವನ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಎಂಜಿನ್ ಆರಿಸಿದರು. ಆ ನಿಶ್ಶಬ್ದದಲ್ಲಿ ಮತ್ತೆ ಕೇಳಿಸಿತು: ಟಿಕ್. ಸ್ವಲ್ಪ ತಡೆದು, ಟಿಕ್.

"ಇದೇನ್ರೀ ಸದ್ದು?"

"ಅದಾ? ಓಡಿ ನಿಂತ ಎಂಜಿನ್ ತಣ್ಣಗಾಗೋ ಸದ್ದು ಕಣೆ. ಕಾದ ಕಬ್ಬಿಣ ಅಲ್ವಾ," ಎಂದರು ನಮ್ಮವರು, ಕೈ ಒರೆಸಿಕೊಳ್ಳುತ್ತ.

ಅಷ್ಟು ವರ್ಷ ತಣ್ಣಗೆ ಬಿದ್ದಿದ್ದ ಕಾರು ಹಿಂದಿನ ದಿನ ತಣ್ಣಗಾಗುತ್ತಿದ್ದುದು ಹೇಗೆಂದು ನಾನು ಕೇಳಲಿಲ್ಲ. ಅತ್ತೆ ಹೊಸ್ತಿಲು ದಾಟಿ ಒಳಗೆ ಬಂದಿದ್ದರು. ಡ್ರೈವರ್ ಬದಿಯ ಬಾಗಿಲನ್ನು ಪೂರ್ತಿ ತೆರೆದು, ಒಬ್ಬರಿಗೆ ದಾರಿ ಬಿಡುವಷ್ಟು ಸರಿದು ನಿಂತರು. ಕೊಂಚ ಹೊತ್ತಿನ ಮೇಲೆ ಬಾಗಿಲು ಮುಚ್ಚಿ, "ಸರಿ, ಇಳಿದ್ರು. ಕಾಫಿ ಇಡು," ಎಂದರು.

ಈಗ ನಮ್ಮ ಬಚ್ಚಲೊಲೆಗೆ ನೆಟ್ಟನೆಯ ಕೆದಕುಗೋಲು ಬಂದಿದೆ. ಸೋಮವಾರಪೇಟೆಯ ಆ ಜಾರುವ ಹ್ಯಾಂಡಲನ್ನೇ ನಮ್ಮವರು ಬಡಿದು ನೇರ ಮಾಡಿಕೊಟ್ಟಿದ್ದಾರೆ. ಕೆಂಡ ಸಲೀಸಾಗಿ ಬರುತ್ತದೆ, ಸೀರೆ ಸುಡುವುದಿಲ್ಲ. ಆದರೂ ಒಲೆ ಆರಿದ ಮೇಲೆ ಅದನ್ನು ಗೋಡೆಗೆ ಒರಗಿಸುವಾಗ, ನಾನು ಅದನ್ನೊಮ್ಮೆ ಸೆರಗಿನಿಂದ ಒರೆಸಿಡುತ್ತೇನೆ.